ಫ್ರೆಂಚ್ ಭಾವನಾಮಗಳ ಮುಂದೆ ಆರ್ಟಿಕಲ್ ತಪ್ಪುವುದೆಲ್ಲಿ? ದೋಷ ಹುಡುಕಿ ಸರಿಪಡಿಸುವ ಕೈಪಿಡಿ

ಕ್ರಿಯಾಪದ ಸರಿಯಾಗಿದೆ, ಪದಗಳ ಕ್ರಮ ಸರಿಯಾಗಿದೆ, ಕಾಗುಣಿತವೂ ಸರಿ. ಆದರೂ ತಿದ್ದಿ ಬಂದ ಹಾಳೆಯಲ್ಲಿ ತಾಳ್ಮೆ, ಧೈರ್ಯ, ಸ್ವಾತಂತ್ರ್ಯ, ನಾಚಿಕೆಯಂಥ ಪದಗಳ ಮುಂದೆಯೇ ಮತ್ತೆ ಮತ್ತೆ ಕೆಂಪು ಗೆರೆ. ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡವರಿಂದ ಹಿಡಿದು ಕೆನಡಾಕ್ಕೆ ಹೋಗಲೆಂದು ಸಂಜೆ ತರಗತಿಗೆ ಸೇರಿದವರ ತನಕ ಈ ದೋಷ ಹೆಚ್ಚುಕಡಿಮೆ ಒಂದೇ ಬಗೆಯದು. ಫ್ರೆಂಚ್ ಮಟ್ಟ ಅಳೆಯುವ ಡೆಲ್ಫ್ ಪರೀಕ್ಷೆಯ ಆರಂಭದ ಎ1, ಎ2 ಹಂತಗಳಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ಬರೆಯುವುದು ಮನೆ, ಊಟ, ಪ್ರಯಾಣದ ಮಾತು. ಬಿ1ರಲ್ಲಿ ಕನಿಷ್ಠ 160 ಪದ, ಬಿ2ರಲ್ಲಿ ಕನಿಷ್ಠ 250 ಪದ ಬರೆದು ಅಭಿಪ್ರಾಯ ಹೇಳಬೇಕಾದಾಗ ಭಾವನಾಮಗಳು ಸಾಲುಗಟ್ಟಿ ಬರುತ್ತವೆ. ದೋಷ ಹೊರಬೀಳುವುದು ಆಗ.

ಓದುವ ಮೊದಲು ಲಿಪಿಯ ಬಗ್ಗೆ ಎರಡು ಮಾತು. ಇಲ್ಲಿ ಫ್ರೆಂಚ್ ಪದಗಳನ್ನು ಉಚ್ಚಾರಣೆಗೆ ಹತ್ತಿರವಾಗಿ ಕನ್ನಡದಲ್ಲೇ ಬರೆದಿದೆ. ‘ಲ’ ಪುಲ್ಲಿಂಗದ ಆರ್ಟಿಕಲ್, ‘ಲಾ’ ಸ್ತ್ರೀಲಿಂಗದ್ದು, ‘ಲೇ’ ಬಹುವಚನದ್ದು. ಈ ಮೂರೂ ನಿರ್ದಿಷ್ಟ ಆರ್ಟಿಕಲ್‌ಗಳು. ಸ್ವರದ ಮುಂದೆ ‘ಲ’ ಮತ್ತು ‘ಲಾ’ ಎರಡೂ ಕುಗ್ಗಿ ‘ಲ್’’ ಆಗುತ್ತವೆ. ‘ಅಂ’, ‘ಯೂನ್’, ‘ದೇ’ ಎಂಬವು ಅನಿರ್ದಿಷ್ಟ ಆರ್ಟಿಕಲ್‌ಗಳು. ‘ದ್ಯು’, ‘ದ ಲಾ’, ‘ದ ಲ್’’ ಎಂಬವು ಪಾರ್ಟಿಟಿವ್, ಅಂದರೆ ಅಳತೆ ಹೇಳದೆ ಒಂದು ಪಾಲನ್ನು ಸೂಚಿಸುವವು.

ದೋಷದ ಮೂಲ ಎಲ್ಲಿದೆ

ಇಂಗ್ಲಿಷ್ ಭಾವನಾಮವನ್ನು ಬರಿದಾಗಿ ಬಿಡುತ್ತದೆ. ತಾಳ್ಮೆ ಒಳ್ಳೆಯ ಗುಣ ಎನ್ನುವಾಗಲೂ ಬರೀ ‘ಪೇಷನ್ಸ್’, ಅವನಿಗೆ ತಾಳ್ಮೆ ಇದೆ ಎನ್ನುವಾಗಲೂ ಬರೀ ‘ಪೇಷನ್ಸ್’. ಈ ಎರಡು ಅರ್ಥಗಳಿಗೆ ಫ್ರೆಂಚ್ ಎರಡು ಬೇರೆ ಆರ್ಟಿಕಲ್ ಕೇಳುತ್ತದೆ: ಮೊದಲನೆಯದು “ಲಾ ಪಸ್ಯಾಂಸ್ ಎತ್ ಯೂನ್ ಕಲಿತೇ”, ಎರಡನೆಯದು “ಇಲ್ ಆ ದ ಲಾ ಪಸ್ಯಾಂಸ್”. ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಪದಕ್ಕೆ ಪದ ಇಡುತ್ತ ಹೋದರೆ ಎರಡೂ ಕಡೆ ಆ ಜಾಗ ಖಾಲಿ ಉಳಿಯುತ್ತದೆ.

ಫ್ರೆಂಚ್‌ಗೆ ಈ ಹಟ ಯಾಕೆ? ಮಾತಿನಲ್ಲಿ ಬಹುವಚನದ ಕೊನೆಯ ‘ಸ್’ ಸಾಮಾನ್ಯವಾಗಿ ಕೇಳಿಸುವುದಿಲ್ಲ. ‘ಲಿಬೆರ್ತೇ’ ಎಂದಾಗ ಸ್ವಾತಂತ್ರ್ಯ ಒಂದೋ ಹಲವೋ ಎಂದು ಕಿವಿಗೆ ತಿಳಿಯದು. ವಚನವನ್ನೂ ಬಹುಪಾಲು ಲಿಂಗವನ್ನೂ ಹೊತ್ತು ತರುವುದು ಆರ್ಟಿಕಲ್. ಹಾಗಾಗಿ ನಾಮಪದವನ್ನು ಬರಿದಾಗಿ ಬಿಡಲು ಫ್ರೆಂಚ್‌ಗೆ ವಿಶೇಷ ಕಾರಣ ಬೇಕು. ಇಂಗ್ಲಿಷ್‌ನಲ್ಲಿ ಆರ್ಟಿಕಲ್ ಹಾಕಲು ಕಾರಣ ಬೇಕು. ಎಲ್ಲರ ಬಾಯಲ್ಲೂ ಇರುವ “ಸೆ ಲಾ ವಿ” ಎಂಬ ಮಾತನ್ನೇ ನೋಡಿ. ಬದುಕು ಅಂದರೆ ಹೀಗೇ ಎನ್ನಲು ಇಂಗ್ಲಿಷ್ ಏನನ್ನೂ ಸೇರಿಸುವುದಿಲ್ಲ, ಫ್ರೆಂಚ್‌ನಲ್ಲಿ ‘ಲಾ’ ಇದೆ. ಸಂಶಯ ಬಂದಾಗಲೆಲ್ಲ ಈ ಮೂರು ಪದ ನೆನೆದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

1789ರ ಮಾನವ ಮತ್ತು ಪೌರರ ಹಕ್ಕುಗಳ ಘೋಷಣೆಯ ಎರಡನೆಯ ವಿಧಿಯಲ್ಲಿ ಹಕ್ಕುಗಳ ಪಟ್ಟಿ ಇದೆ: “ಲಾ ಲಿಬೆರ್ತೇ, ಲಾ ಪ್ರೊಪ್ರಿಯೆತೇ, ಲಾ ಸ್ಯೂರ್ತೇ, ಎ ಲಾ ರೆಜಿಸ್ತಾಂಸ್ ಆ ಲ್’ಒಪ್ರೆಸ್ಯೋಂ”. ಸ್ವಾತಂತ್ರ್ಯ, ಆಸ್ತಿ, ಸುರಕ್ಷತೆ, ದಬ್ಬಾಳಿಕೆಗೆ ಪ್ರತಿರೋಧ. ಐದು ನಾಮಪದ, ಐದು ಆರ್ಟಿಕಲ್. ಪಟ್ಟಿಯ ಮೊದಲಿಗೆ ಒಂದು ‘ಲಾ’ ಹಾಕಿ ಉಳಿದವನ್ನು ಬರಿದಾಗಿ ಬಿಡುವ ಅಭ್ಯಾಸ ಇದ್ದವರು ಈ ಸಾಲನ್ನು ಬಾಯಿಪಾಠ ಮಾಡುವುದು ಒಳ್ಳೆಯದು. ನಾಲ್ಕನೆಯ ವಿಧಿ ಶುರುವಾಗುವುದೂ ಹಾಗೆಯೇ: “ಲಾ ಲಿಬೆರ್ತೇ ಕೊಂಸಿಸ್ತ್...” ವಾಕ್ಯದ ಮೊದಲ ಪದ ಭಾವನಾಮವಾಗಿದ್ದರೆ ಅದರ ಮುಂದೆ ಏನೂ ಇಲ್ಲದಿರುವುದು ಹತ್ತರಲ್ಲಿ ಒಂಬತ್ತು ಸಲ ತಪ್ಪು ಎಂದೇ ಹಿಡಿಯಿರಿ.

ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಪರೀಕ್ಷೆ ಮಾಡಿ

ಕನ್ನಡದಲ್ಲಿ ಆರ್ಟಿಕಲ್ ಇಲ್ಲ ನಿಜ. ಆದರೆ ಫ್ರೆಂಚ್ ಆರ್ಟಿಕಲ್ ಮಾಡುವ ವಿಂಗಡಣೆಯನ್ನು ನಮ್ಮ ದಿನಬಳಕೆಯ ಮಾತು ಬೇರೆ ಸಲಕರಣೆಯಿಂದ ಮಾಡುತ್ತದೆ. ಇಂಗ್ಲಿಷ್ ಮೂಲಕ ಫ್ರೆಂಚ್ ಕಲಿಯುವ ಕನ್ನಡಿಗರು ಈ ಅನುಕೂಲವನ್ನು ಬಳಸಿಕೊಳ್ಳದೆ ಬಿಡುತ್ತಾರೆ, ಅದು ದೊಡ್ಡ ನಷ್ಟ.

ಹೇಳಬೇಕಾದ ಮಾತನ್ನು ಮೊದಲು ಆಡುಗನ್ನಡದಲ್ಲಿ ಹೇಳಿ. ಭಾವನಾಮದ ಪಕ್ಕದಲ್ಲಿ ‘ಅನ್ನೋದು’ ಸೇರಿಸಿದರೆ ಮಾತು ಸಲೀಸಾಗಿ ಕೂರುತ್ತದೆಯೇ? “ತಾಳ್ಮೆ ಅನ್ನೋದು ಒಳ್ಳೆ ಗುಣ” ಕೂರುತ್ತದೆ. ಹಾಗಾದರೆ ಅದು ಆ ಭಾವವನ್ನು ಇಡಿಯಾಗಿ ಹಿಡಿದ ಮಾತು. ‘ಲ’, ‘ಲಾ’, ‘ಲ್’’ ಬರಬೇಕು. “ಸ್ವಾತಂತ್ರ್ಯ ಅಂದ್ರೆ ನಂಗಿಷ್ಟ” ಕೂಡ ಇದೇ ಗುಂಪು: “ಜೆಮ್ ಲಾ ಲಿಬೆರ್ತೇ”. ಇಷ್ಟ, ಮೆಚ್ಚು, ದ್ವೇಷ, ಹೆಚ್ಚು ಇಷ್ಟ ಎನ್ನುವ ಕ್ರಿಯಾಪದಗಳ ನಂತರ ಯಾವಾಗಲೂ ಇದೇ ಆರ್ಟಿಕಲ್.

‘ಅನ್ನೋದು’ ಕೂರದೆ ‘ಒಂದಿಷ್ಟು’ ಕೂತರೆ? “ಅವನಿಗೆ ಒಂದಿಷ್ಟು ತಾಳ್ಮೆ ಇದೆ”, “ಇದಕ್ಕೆ ಒಂದಿಷ್ಟು ಧೈರ್ಯ ಬೇಕು”. ಇವು ಆ ಭಾವದ ಒಂದು ಪಾಲಿನ ಮಾತು: “ಇಲ್ ಆ ದ ಲಾ ಪಸ್ಯಾಂಸ್”, “ಇಲ್ ಫೋ ದ್ಯು ಕುರಾಜ್”. ಯಾರಲ್ಲಾದರೂ ಒಂದು ಗುಣ ಇದೆ, ಒಂದು ಕೆಲಸಕ್ಕೆ ಒಂದು ಗುಣ ಬೇಕು, ಯಾರೋ ಒಂದು ಭಾವ ತೋರಿಸಿದರು ಎನ್ನುವ ಮಾತುಗಳೆಲ್ಲ ಸಾಮಾನ್ಯವಾಗಿ ಇಲ್ಲಿಗೇ ಬರುತ್ತವೆ. ಇಂಗ್ಲಿಷ್‌ನಿಂದ ಬಂದವರು ಹೆಚ್ಚು ಎಡವುವುದು ಕೂಡ ಇಲ್ಲೇ, ಯಾಕೆಂದರೆ ‘ಸಮ್’ ಎಂದು ಇಂಗ್ಲಿಷ್ ಇಲ್ಲಿ ಹೇಳುವುದು ಅಪರೂಪ.

ಮೂರನೆಯದು, ‘ಎಂಥ’ ಎಂಬ ಪ್ರಶ್ನೆಗೆ ಉತ್ತರ ಬರುವ ಮಾತು. “ಅವಳದು ಎಂಥ ತಾಳ್ಮೆ! ಕೊನೆಯೇ ಇಲ್ಲದ್ದು.” ಗುಣದ ಬಣ್ಣ ಹೇಳುವ ವಿಶೇಷಣ ಸೇರಿತು ಅಂದರೆ ಆ ಭಾವ ಒಂದು ಬಿಡಿ ವಸ್ತುವಿನಂತಾಗುತ್ತದೆ, ‘ಅಂ’ ಅಥವಾ ‘ಯೂನ್’ ಬರುತ್ತದೆ: “ಎಲ್ ಆ ಯೂನ್ ಪಸ್ಯಾಂಸ್ ಆ್ಯಂಫಿನಿ”, “ಅಂ ಕುರಾಜ್ ಅದ್ಮಿರಾಬ್ಲ್”.

ಇಲ್ಲೊಂದು ಎಚ್ಚರ. ವಿಶೇಷಣ ಬಂದ ಮಾತ್ರಕ್ಕೆ ‘ಯೂನ್’ ಹಾಕಬೇಡಿ. ಅದು ಬಗೆಯನ್ನು ವಿಂಗಡಿಸುವ ವಿಶೇಷಣವಾದರೆ ಪಾರ್ಟಿಟಿವ್ ಉಳಿಯುತ್ತದೆ: ರಾಜಕೀಯ ಧೈರ್ಯ ಬೇಕು ಎನ್ನಲು “ಇಲ್ ಫೋ ದ್ಯು ಕುರಾಜ್ ಪೊಲಿತೀಕ್”. ‘ಎಂಥ ಧೈರ್ಯ’ ಎಂದು ಬೆರಗಾಗಿ ಕೇಳಿದರೆ ‘ರಾಜಕೀಯ’ ಎಂಬ ಉತ್ತರ ಒಪ್ಪುವುದಿಲ್ಲ, ‘ಯಾವ ಥರದ್ದು’ ಎಂದು ಕೇಳಿದರೆ ಒಪ್ಪುತ್ತದೆ. ಇನ್ನು ಕೆಲವು ಜೋಡಿಗಳು ಒಂದೇ ಪದವಾಗಿ ಬೆಸೆದುಕೊಂಡಿವೆ: “ದ್ಯು ಬೋಂ ಸಾಂಸ್” ಅಂದರೆ ವಿವೇಕ, “ದ ಲಾ ಬೊನ್ ವೊಲೊಂತೇ” ಅಂದರೆ ಮಾಡುವ ಮನಸ್ಸು, “ದ ಲಾ ಮೊವೇಜ್ ಫ್ವಾ” ಅಂದರೆ ಗೊತ್ತಿದ್ದೂ ಮಾಡುವ ವಂಚನೆ. ಇವುಗಳನ್ನು ಬಿಡಿಸದೆ ಇಡಿಯಾಗಿ ಕಲಿಯಬೇಕು.

ನೋಡಬೇಕಾದ ಕ್ರಮ

‘ಅನ್ನೋದು’ ಪರೀಕ್ಷೆಯನ್ನು ಮೊದಲಿಗೇ ಮಾಡಿದರೆ ಕೆಲವು ಸಲ ದಾರಿ ತಪ್ಪುತ್ತದೆ. ಮೊದಲು ಭಾವನಾಮದ ಎಡಕ್ಕೆ ನೋಡಿ. ಪ್ರಮಾಣ ಹೇಳುವ ಪದ, ನಿಷೇಧ, ‘ಇಲ್ಲದೆ’ ಎನ್ನುವ ‘ಸಾಂ’, ‘-ಅಲ್ಲಿ’ ಎನ್ನುವ ‘ಆಂ’, ಇಲ್ಲವೇ ಕ್ರಿಯಾಪದದೊಂದಿಗೆ ಬೆಸೆದ ನುಡಿಗಟ್ಟು ಇದ್ದರೆ ತೀರ್ಮಾನ ಅಲ್ಲೇ ಮುಗಿಯುತ್ತದೆ. ಅವೇನೂ ಇಲ್ಲದಿದ್ದರೆ ಬಲಕ್ಕೆ ನೋಡಿ. ಅಲ್ಲಿ ವಿಶೇಷಣವೋ, ‘ದ’ ಸೇರಿದ ಇನ್ನೊಂದು ಕ್ರಿಯೆಯೋ ಇದ್ದರೆ ಅದು ತೀರ್ಮಾನಿಸುತ್ತದೆ. ಎರಡೂ ಕಡೆ ಖಾಲಿ ಎಂದಾದ ಮೇಲೆ ‘ಅನ್ನೋದು’, ‘ಒಂದಿಷ್ಟು’.

ಬಲಗಡೆಯ ಕ್ರಿಯೆಗೆ ಒಂದು ಉದಾಹರಣೆ. “ಅವ್ವಾರ್ ದ ಲಾ ಶಾಂಸ್” ಅಂದರೆ ಅದೃಷ್ಟ ಇರುವುದು, ಪಾರ್ಟಿಟಿವ್. ಆದರೆ ಪ್ಯಾರಿಸ್ ನೋಡುವ ಅದೃಷ್ಟ ಎಂದಾಗ ಅದು ಯಾವ ಅದೃಷ್ಟ ಎಂದು ಖಚಿತವಾಯಿತು: “ಅವ್ವಾರ್ ಲಾ ಶಾಂಸ್ ದ ವ್ವಾರ್ ಪಾರಿ”. ‘ದ್ಯು ಕುರಾಜ್’, ‘ಲ ಕುರಾಜ್ ದ ದೀರ್’. ‘ದ್ಯು ತಾಂ’, ‘ಲ ತಾಂ ದ ಲೀರ್’. ಕನ್ನಡದಲ್ಲಿ ಈ ಜಾಗದಲ್ಲಿ ‘ಹೇಳುವ ಧೈರ್ಯ’, ‘ಓದುವಷ್ಟು ಸಮಯ’ ಎಂದು ಕ್ರಿಯೆ ನಾಮಪದದ ಮುಂದೆಯೇ ಬಂದು ಅದನ್ನು ಗುರುತಿಸಿಬಿಡುತ್ತದೆ. ಹಾಗೆ ಗುರುತಿಸಿದ ಭಾವಕ್ಕೆ ಫ್ರೆಂಚ್‌ನಲ್ಲಿ ‘ಲ’ ಅಥವಾ ‘ಲಾ’.

ನಿಷೇಧ ಬಂದಾಗ

ಪಾರ್ಟಿಟಿವ್ ಇದ್ದ ಜಾಗದಲ್ಲಿ ನಿಷೇಧ ಬಂದರೆ ಅದು ಬರೀ ‘ದ’ ಆಗಿ ಕುಗ್ಗುತ್ತದೆ: “ಜ ನೇ ಪಾ ದ ಪಸ್ಯಾಂಸ್”, ನನಗೆ ತಾಳ್ಮೆ ಇಲ್ಲ. ಈ ನಿಯಮ ಕಲಿತ ಮೇಲೆ ಹೊಸ ದೋಷ ಹುಟ್ಟುತ್ತದೆ: ನಿಷೇಧ ಕಂಡಲ್ಲೆಲ್ಲ ‘ದ’ ಹಾಕುವುದು. ನಿರ್ದಿಷ್ಟ ಆರ್ಟಿಕಲ್ ಕುಗ್ಗುವುದಿಲ್ಲ. ಹಿಂಸೆ ನನಗಿಷ್ಟವಿಲ್ಲ ಎನ್ನಲು “ಜ ನೆಮ್ ಪಾ ಲಾ ವಿಯೊಲಾಂಸ್” ಎಂದೇ ಆಗಬೇಕು. ಕಾಯುವ ತಾಳ್ಮೆ ಅವಳಿಗಿಲ್ಲ ಎನ್ನುವಾಗಲೂ “ಎಲ್ ನಾ ಪಾ ಲಾ ಪಸ್ಯಾಂಸ್ ದ್’ಅತಾಂದ್ರ್”.

‘ಸೆ’ ಎಂದು ಶುರುವಾಗುವ ಗುರುತಿಸುವ ವಾಕ್ಯದಲ್ಲಿ ಪಾರ್ಟಿಟಿವ್ ಕೂಡ ಕುಗ್ಗದೆ ನಿಲ್ಲುತ್ತದೆ: “ಸ ನೇ ಪಾ ದ ಲಾ ಪರೆಸ್, ಸೆ ದ ಲಾ ಫತೀಗ್”, ಅದು ಸೋಮಾರಿತನ ಅಲ್ಲ, ದಣಿವು. ಇಲ್ಲಿಯೂ ಕನ್ನಡ ಸುಳಿವು ಕೊಡುತ್ತದೆ. ‘ಇಲ್ಲ’ ಎಂದು ನಿರಾಕರಿಸುವ ಕಡೆ ಪಾರ್ಟಿಟಿವ್ ಕುಗ್ಗಿ ‘ದ’. ‘ಅಲ್ಲ’ ಎಂದು ನಿರಾಕರಿಸುವ ಕಡೆ ಆರ್ಟಿಕಲ್ ಹಾಗೇ ಉಳಿಯುತ್ತದೆ. ‘ಇಲ್ಲ’, ‘ಅಲ್ಲ’ ಎಂಬ ಈ ಭೇದ ಇಂಗ್ಲಿಷ್‌ನ ಒಂದೇ ‘ನಾಟ್’ ಒಳಗೆ ಮುಚ್ಚಿಹೋಗುತ್ತದೆ, ನಮ್ಮ ಭಾಷೆಯಲ್ಲಿ ಮಕ್ಕಳಿಗೂ ಗೊತ್ತು.

ಪ್ರಮಾಣದ ಪದಗಳು

ಬಹಳ, ಸಾಕಷ್ಟು, ಅತಿಯಾಗಿ ಎನ್ನುವ ‘ಬೋಕು’, ‘ಅಸೇ’, ‘ತ್ರೋ’ ಪದಗಳ ನಂತರ ಬರೀ ‘ದ’: “ಬೋಕು ದ ಕುರಾಜ್”. “ಬೋಕು ದ್ಯು ಕುರಾಜ್” ಎಂದು ಬರೆದಿದ್ದರೆ ಬೆರಳಿಟ್ಟು ತಿದ್ದಿ. ಹೊರತಾದವು ಎರಡನ್ನು ನೆನಪಿಡಿ: “ಲಾ ಪ್ಲ್ಯುಪಾರ್ ದ್ಯು ತಾಂ” ಅಂದರೆ ಹೆಚ್ಚಿನ ಹೊತ್ತು, ಮತ್ತು ‘ಬಹಳ’ ಎಂಬ ಅರ್ಥದ ‘ಬ್ಯ್ಯಾಂ’, ಅದರ ನಂತರ ಆರ್ಟಿಕಲ್ ಉಳಿಯುತ್ತದೆ.

ಅತಿಯಾಗಿ ತಿದ್ದಿಕೊಂಡಾಗ

ಆರ್ಟಿಕಲ್ ಬಿಟ್ಟು ಬಿಟ್ಟು ಬೈಸಿಕೊಂಡವರು ಆಮೇಲೆ ಎಲ್ಲ ಕಡೆ ಹಾಕತೊಡಗುತ್ತಾರೆ. “ಅವ್ವಾರ್ ಲಾ ಪರ್”, “ಅವೆಕ್ ಲಾ ಪಸ್ಯಾಂಸ್”, “ಬಜ್ವ್ಯಾಂ ದ ಲಾ ಕೊಂಫ್ಯಾಂಸ್”. ಈ ಮೂರೂ ಬೇರೆ ಬೇರೆ ದೋಷಗಳು, ಚಿಕಿತ್ಸೆಯೂ ಬೇರೆ.

ಮೊದಲನೆಯದು ಕ್ರಿಯಾಪದದೊಂದಿಗೆ ಬೆಸೆದ ಭಾವ. “ಅವ್ವಾರ್ ಫ್ಯಾಂ” ಹಸಿವಾಗುವುದು, “ಅವ್ವಾರ್ ಸ್ವಾಫ್” ಬಾಯಾರಿಕೆಯಾಗುವುದು, “ಅವ್ವಾರ್ ಪರ್” ಭಯವಾಗುವುದು, “ಅವ್ವಾರ್ ಓಂತ್” ನಾಚಿಕೆಯಾಗುವುದು. ಅನುವಾದದಲ್ಲೇ ಗುಟ್ಟು ಇದೆ. ಕನ್ನಡದಲ್ಲಿ ಭಾವನಾಮಕ್ಕೆ ‘ಆಗು’ ಅಂಟಿ ಒಂದೇ ಕ್ರಿಯೆಯಾಗುವ ಕಡೆ ಫ್ರೆಂಚ್‌ನಲ್ಲೂ ಅದು ಬರಿದಾಗಿ ಕ್ರಿಯಾಪದಕ್ಕೆ ಅಂಟಿರುವುದು ಹೆಚ್ಚು. ‘ತಾಳ್ಮೆ ಕಳೆದುಕೊಳ್ಳು’, ‘ಕ್ಷಮೆ ಕೇಳು’, ‘ಗಮನ ಕೊಡು’ ಎಂಬ ಜೋಡಿಗಳಿಗೆ ಫ್ರೆಂಚ್‌ನಲ್ಲಿ “ಪೆರ್ದ್ರ್ ಪಸ್ಯಾಂಸ್”, “ದಮಾಂದೇ ಪಾರ್ದೋಂ”, “ಫೇರ್ ಅತಾಂಸ್ಯೋಂ”. ಇಂಥ ಬರಿದಾದ ರೂಪ ಹಳೆಯ ಫ್ರೆಂಚ್‌ನ ಉಳಿಕೆ. ಆ ಕಾಲದಲ್ಲಿ ಭಾವನಾಮಗಳು ಆರ್ಟಿಕಲ್ ಇಲ್ಲದೆಯೇ ಓಡಾಡುತ್ತಿದ್ದವು. ಮೂಲವಾದ ಲ್ಯಾಟಿನ್‌ನಲ್ಲಿ ಕನ್ನಡದಂತೆಯೇ ಆರ್ಟಿಕಲ್ ಇರಲಿಲ್ಲ. “ಪೊವ್ರತೇ ನೇ ಪಾ ವೀಸ್”, ಬಡತನ ದುರ್ಗುಣವಲ್ಲ ಎಂಬ ಗಾದೆಯಲ್ಲೂ ಅದೇ ಹಳೆಯ ರೂಪ ಉಳಿದಿದೆ. ಗಾದೆ ನೋಡಿ ಹೊಸ ವಾಕ್ಯ ಕಟ್ಟಬೇಡಿ.

ಈ ನುಡಿಗಟ್ಟುಗಳಲ್ಲಿ ‘ತುಂಬಾ’ ಎನ್ನಲು ‘ತ್ರೇ’ ಬರುತ್ತದೆ: “ಜೇ ತ್ರೇ ಫ್ಯಾಂ”. ನಿಷೇಧದಲ್ಲಿ ‘ದ’ ಕೂಡ ಬರುವುದಿಲ್ಲ: “ಜ ನೇ ಪಾ ಫ್ಯಾಂ”. ಬಣ್ಣ ಕಟ್ಟಿದರೆ ಮಾತ್ರ ‘ಯೂನ್’ ಕಾಣಿಸಿಕೊಳ್ಳುತ್ತದೆ: “ಯೂನ್ ಫ್ಯಾಂ ದ ಲೂ”, ತೋಳದ ಹಸಿವು, “ಯೂನ್ ಪರ್ ಬ್ಲ”, ಅಕ್ಷರಶಃ ನೀಲಿ ಭಯ, ನಾವು ಜೀವವೇ ಬಾಯಿಗೆ ಬಂತು ಎನ್ನುವಂಥದ್ದು.

‘ಆಗು’ ಪರೀಕ್ಷೆ ಎಲ್ಲ ಕಡೆಯೂ ನಿಲ್ಲುವುದಿಲ್ಲ. ದುಃಖವಾಗಿದೆ ಎನ್ನಲು “ಜೇ ದ ಲಾ ಪೆನ್”. ಜ್ವರ ಬಂದಿದೆ ಎನ್ನಲು “ಜೇ ದ ಲಾ ಫ್ಯೇವ್ರ್”. ಆರ್ಟಿಕಲ್ ಒಂದರಿಂದಲೇ ಅರ್ಥ ಬದಲಾಗುವ ಜೋಡಿಯೂ ಇದೆ: “ಅವ್ವಾರ್ ಮಾಲ್ ಆ ಲಾ ತೇತ್” ತಲೆನೋವು, “ಅವ್ವಾರ್ ದ್ಯು ಮಾಲ್ ಆ ಕೊಂಪ್ರಾಂದ್ರ್” ಅರ್ಥಮಾಡಿಕೊಳ್ಳಲು ಕಷ್ಟಪಡುವುದು. ವೈದ್ಯರ ಮುಂದೆ ಈ ‘ದ್ಯು’ ತಪ್ಪಾಗಿ ಬಿದ್ದರೆ ಅವರು ದೇಹದ ನೋವು ಬಿಟ್ಟು ಬೇರೆಯದನ್ನೇ ಕೇಳತೊಡಗುತ್ತಾರೆ.

ಎರಡನೆಯ ದೋಷ ‘ಅವೆಕ್’ ನಂತರದ್ದು. ತಾಳ್ಮೆಯಿಂದ, ಸಂತೋಷದಿಂದ, ಧೈರ್ಯದಿಂದ ಎಂದು ‘-ಇಂದ’ ಹಚ್ಚಿ ರೀತಿ ಹೇಳುವಾಗ ಫ್ರೆಂಚ್‌ನಲ್ಲಿ ಆರ್ಟಿಕಲ್ ಬೇಡ: “ಅವೆಕ್ ಪಸ್ಯಾಂಸ್”, “ಅವೆಕ್ ಪ್ಲೇಜೀರ್”, “ಅವೆಕ್ ಕುರಾಜ್”. ಕಾರಣ ಹೇಳುವ ‘-ಇಂದ’ಕ್ಕೆ ‘ಪಾರ್’, ಅದೂ ಬರಿದೇ: “ಪಾರ್ ಅಮೂರ್” ಪ್ರೀತಿಯ ಕಾರಣಕ್ಕೆ, “ಪಾರ್ ಎರರ್” ತಪ್ಪಿನಿಂದ. ಆದರೆ “ತಾಳ್ಮೆ ಇದ್ದರೆ ಆಗುತ್ತೆ” ಎನ್ನುವಾಗ ಅದು ಷರತ್ತು. ಆಗ ಪಾರ್ಟಿಟಿವ್ ಮರಳಿ ಬರುತ್ತದೆ: “ಅವೆಕ್ ದ ಲಾ ಪಸ್ಯಾಂಸ್, ಓಂ ನಿ ಅರೀವ್”. ಇಂಗ್ಲಿಷ್‌ನ ‘ವಿತ್’ ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ‘-ಇಂದ’ ಮತ್ತು ‘ಇದ್ದರೆ’ ಅವನ್ನು ಬೇರೆ ಮಾಡಿ ತೋರಿಸುತ್ತವೆ. ವಿಶೇಷಣ ಸೇರಿದರೆ ಹಿಂದಿನಂತೆ ‘ಅಂ’, ‘ಯೂನ್’: “ಅವೆಕ್ ಅಂ ಕುರಾಜ್ ಅದ್ಮಿರಾಬ್ಲ್”.

‘ಸಾಂ’ ಅಂದರೆ ಇಲ್ಲದೆ. ಅದರ ನಂತರ ಭಾವನಾಮ ಬರಿದೇ. “ಸಾಂ ದೂತ್” ಮಾತ್ರ ಅನುಮಾನವಿಲ್ಲದೆ ಎಂಬ ಅರ್ಥ ಕಳೆದುಕೊಂಡು ‘ಬಹುಶಃ’ ಆಗಿಬಿಟ್ಟಿದೆ. ಖಚಿತವಾಗಿ ಹೇಳಬೇಕಾದರೆ “ಸಾಂಜ್ ಓಕಂ ದೂತ್” ಎನ್ನಬೇಕು. ‘ಆಂ’ ಕೂಡ ಹೆಚ್ಚಾಗಿ ಬರಿದಾದ ಪದವನ್ನೇ ಬಯಸುತ್ತದೆ: “ಆಂ ಕೊಲೇರ್” ಕೋಪದಲ್ಲಿ, “ಆಂ ಸಿಲಾಂಸ್” ಮೌನವಾಗಿ. ಇದನ್ನು ನೋಡಿ ಎಲ್ಲ ಉಪಸರ್ಗಗಳ ನಂತರವೂ ಆರ್ಟಿಕಲ್ ಕಿತ್ತುಹಾಕಬೇಡಿ. ‘ದಾಂ’, ‘ಪುರ್’, ‘ಕೋಂತ್ರ್’ ಎಂಬವು ಸಾಮಾನ್ಯವಾಗಿ ಆರ್ಟಿಕಲ್ ಇಟ್ಟುಕೊಳ್ಳುತ್ತವೆ: “ದಾಂ ಲ ಸಿಲಾಂಸ್”, “ಪುರ್ ಲಾ ಪೇ” ಶಾಂತಿಗಾಗಿ, “ಕೋಂತ್ರ್ ಲಾ ಪೊವ್ರತೇ” ಬಡತನದ ವಿರುದ್ಧ. ಬಿ2 ಪ್ರಬಂಧಗಳಲ್ಲಿ ಕೊನೆಯದು ಪದೇ ಪದೇ ಬೇಕಾಗುತ್ತದೆ.

‘ದ’ ಸುತ್ತಲಿನ ಗೊಂದಲ

ಮೂರನೆಯ ದೋಷ ಎಲ್ಲಕ್ಕಿಂತ ಗೋಜಲಿನದು. ‘ದ’ ಕೇಳುವ ಕ್ರಿಯಾಪದದ ನಂತರ ಪಾರ್ಟಿಟಿವ್ ಪೂರ್ತಿ ಮಾಯವಾಗುತ್ತದೆ, ಯಾಕೆಂದರೆ ಪಾರ್ಟಿಟಿವ್‌ನಲ್ಲೂ ಒಂದು ‘ದ’ ಇದೆ. ಎರಡು ‘ದ’ ಒಟ್ಟಿಗೆ ನಿಲ್ಲುವುದಿಲ್ಲ. ‘ಬೇಕು’ ಎನ್ನುವ “ಅವ್ವಾರ್ ಬಜ್ವ್ಯಾಂ ದ” ನಂತರ ಒಂದಿಷ್ಟು ಧೈರ್ಯ ಎಂಬ ‘ದ್ಯು ಕುರಾಜ್’ ಬಂದು ಕೂತಾಗ ಉಳಿಯುವುದು “ಜೇ ಬಜ್ವ್ಯಾಂ ದ ಕುರಾಜ್”. ಕೊರತೆ ಹೇಳುವ “ಮಾಂಕೇ ದ”, ತುಂಬಿದೆ ಎನ್ನುವ “ಪ್ಲ್ಯಾಂ ದ” ಕೂಡ ಹಾಗೆಯೇ. ಆದರೆ ‘ಅಂ’, ‘ಯೂನ್’ ಮಾಯವಾಗುವುದಿಲ್ಲ: “ಜೇ ಬಜ್ವ್ಯಾಂ ದ್’ಅಂ ಕೊಂಸೇಯ್”, ನನಗೊಂದು ಸಲಹೆ ಬೇಕು. ನಿರ್ದಿಷ್ಟ ಆರ್ಟಿಕಲ್ ಕೂಡ ಉಳಿಯುತ್ತದೆ: ಅಪ್ಪನ ತಾಳ್ಮೆ ನನಗೆ ಬೇಕು ಎಂದರೆ “ಜೇ ಬಜ್ವ್ಯಾಂ ದ ಲಾ ಪಸ್ಯಾಂಸ್ ದ ಮೋಂ ಪೇರ್”.

ಎರಡು ನಾಮಪದ ‘ದ’ದಿಂದ ಕೂಡುವಾಗ ‘ಅನ್ನೋದು’ ಪರೀಕ್ಷೆಯನ್ನು ಷಷ್ಠಿಯಲ್ಲಿ ಮಾಡಿ. ‘ಸ್ವಾತಂತ್ರ್ಯ ಅನ್ನೋದರ ಬೆಲೆ’ ಎಂದರೆ ಮಾತು ನಿಲ್ಲುತ್ತದೆ, ಆದ್ದರಿಂದ “ಲ ಪ್ರಿ ದ ಲಾ ಲಿಬೆರ್ತೇ”. ‘ಸಾವು ಅನ್ನೋದರ ಭಯ’ ನಿಲ್ಲುತ್ತದೆ: “ಲಾ ಪರ್ ದ ಲಾ ಮೋರ್”. ‘ಖುಷಿ ಅನ್ನೋದರ ಕೇಕೆ’ ನಿಲ್ಲುವುದಿಲ್ಲ, ಅದು ಬರೀ ಖುಷಿಯ ಕೇಕೆ, ಕೇಕೆಯ ಒಂದು ಬಗೆ: “ಅಂ ಕ್ರಿ ದ ಜ್ವಾ”. ನಾಚಿಕೆಯ ಭಾವನೆಯೂ ಹೀಗೆಯೇ: “ಅಂ ಸಾಂತಿಮಾಂ ದ ಓಂತ್”.

ಆ ಕೊನೆಯ ಉದಾಹರಣೆಯಲ್ಲಿ ಇನ್ನೊಂದು ಬಲೆ ಇದೆ. ‘ಓಂತ್’ ಬರವಣಿಗೆಯಲ್ಲಿ ‘ಎಚ್’ ಅಕ್ಷರದಿಂದ ಶುರುವಾಗುತ್ತದೆ. ಉಚ್ಚಾರದಲ್ಲಿ ಅದು ಕೇಳದಿದ್ದರೂ ಆರ್ಟಿಕಲ್ ಕುಗ್ಗದಂತೆ ತಡೆಯುತ್ತದೆ. “ಲ್’ಓಂತ್” ತಪ್ಪು, “ಲಾ ಓಂತ್” ಸರಿ. ದ್ವೇಷದ “ಲಾ ಎನ್”, ಅವಸರದ “ಲಾ ಆತ್”, ಆಕಸ್ಮಿಕದ “ಲ ಅಜಾರ್” ಇದೇ ಗುಂಪಿನವು. ಗೌರವದ “ಲ್’ಒನರ್”, ವಿನಯದ “ಲ್’ಯುಮಿಲಿತೇ”, ಅಭ್ಯಾಸದ “ಲ್’ಅಬಿತ್ಯೂದ್” ಕುಗ್ಗುತ್ತವೆ. ಲ್ಯಾಟಿನ್‌ನಿಂದ ಬಂದ ಪದಗಳಲ್ಲಿ ಈ ಅಕ್ಷರ ಸಾಮಾನ್ಯವಾಗಿ ತಡೆಯುವುದಿಲ್ಲ, ಜರ್ಮಾನಿಕ್ ಭಾಷೆಗಳಿಂದ ಬಂದವುಗಳಲ್ಲಿ ತಡೆಯುತ್ತದೆ. ನಾಚಿಕೆ, ದ್ವೇಷ, ಅವಸರ ಮೂರೂ ಎರಡನೆಯ ಮೂಲದವು.

ಲಿಂಗ ಮತ್ತು ಎಣಿಕೆ

ಯಾವ ಆರ್ಟಿಕಲ್ ಎಂಬುದು ಸರಿಯಾಗಿ, ಲಿಂಗ ತಪ್ಪಿದರೂ ಕೆಂಪು ಗೆರೆಯೇ. ಪದದ ಕೊನೆ ಸಾಕಷ್ಟು ಹೇಳುತ್ತದೆ: ‘-ತೇ’, ‘-ಸ್ಯೋಂ’, ‘-ಆಂಸ್’, ‘-ಎಸ್’, ‘-ಯೂದ್’ ಎಂದು ಮುಗಿಯುವ ಭಾವನಾಮಗಳು ಬಹುಪಾಲು ಸ್ತ್ರೀಲಿಂಗ, ‘-ಇಸ್ಮ್’, ‘-ಮಾಂ’, ‘-ಆಜ್’ ಪುಲ್ಲಿಂಗ. ‘ಸಿಲಾಂಸ್’ ಪುಲ್ಲಿಂಗ, ರೋಷದ ‘ರಾಜ್’ ಸ್ತ್ರೀಲಿಂಗ ಎಂಬ ಎರಡು ಅಪವಾದ ಮರೆಯಬೇಡಿ. ‘-ಅರ್’ ಎಂದು ಮುಗಿಯುವ ಪರ್, ದುಲರ್, ವಲರ್ ಸ್ತ್ರೀಲಿಂಗ. ಒನರ್, ಬೊನರ್, ಮಲರ್ ಪುಲ್ಲಿಂಗ. ಸುಖದ ‘ಬೊನರ್’ ಮತ್ತು ದುರದೃಷ್ಟದ ‘ಮಲರ್’ ಪದಗಳೊಳಗೆ ಭಾಗ್ಯ ಎಂಬರ್ಥದ ಹಳೆಯ ಪುಲ್ಲಿಂಗ ಪದವೊಂದು ಅಡಗಿದೆ, ಅದಕ್ಕೇ ಅವು ಹೊರತು. ‘ಲ್’’ ಲಿಂಗವನ್ನು ಮುಚ್ಚಿಡುವುದರಿಂದ ನೋಟ್‌ಬುಕ್‌ನಲ್ಲಿ “ಲ್’ಒನರ್” ಎಂದು ಬರೆದುಕೊಳ್ಳಬೇಡಿ. “ಅಂ ಗ್ರಾಂತ್ ಒನರ್” ಎಂದು, “ಯೂನ್ ಗ್ರಾಂದ್ ಅಮಿತ್ಯೇ” ಎಂದು ವಿಶೇಷಣದೊಂದಿಗೆ ಬರೆದುಕೊಳ್ಳಿ.

ಎಣಿಕೆಯ ವಿಷಯದಲ್ಲೂ ಇಂಗ್ಲಿಷ್‌ಗಿಂತ ಕನ್ನಡವನ್ನೇ ನಂಬಬಹುದು. ಒಂದು ಸಲಹೆ, ಒಂದು ಮಾಹಿತಿ, ಒಂದು ಸುದ್ದಿ ಎಂದು ನಾವು ಎಣಿಸುತ್ತೇವೆ, ಫ್ರೆಂಚರೂ ಎಣಿಸುತ್ತಾರೆ: “ಅಂ ಕೊಂಸೇಯ್”, “ಯೂನ್ ಆ್ಯಂಫೊರ್ಮಸ್ಯೋಂ”, “ಯೂನ್ ನುವೆಲ್”. ಪ್ರಗತಿ ಒಂದನ್ನು ಮಾತ್ರ ಬಾಯಿಪಾಠ ಮಾಡಬೇಕು, ಅದು ಬಹುವಚನದಲ್ಲಿ ಬರುತ್ತದೆ: “ಫೇರ್ ದೇ ಪ್ರೊಗ್ರೇ”.

ಬರೆದದ್ದು ಸರಿ, ಹೇಳಿದ್ದು ತಪ್ಪಾಗಿ ಕೇಳಿಸಿದರೆ

ಮಾತಿನ ಪರೀಕ್ಷೆಯಲ್ಲಿ ಆರ್ಟಿಕಲ್ ತಪ್ಪೆಂದು ಅಂಕ ಹೋದರೆ ಕೆಲವೊಮ್ಮೆ ವ್ಯಾಕರಣ ಸರಿಯೇ ಇರುತ್ತದೆ, ಸ್ವರ ಕೈಕೊಟ್ಟಿರುತ್ತದೆ. ‘ಲ’ ಎನ್ನುವುದನ್ನು ‘ಲೇ’ ಎಂದು ಎಳೆದರೆ ಕೇಳುವವರಿಗೆ ಬಹುವಚನ; “ಬೋಕು ದ” ಎನ್ನುವುದನ್ನು “ಬೋಕು ದೇ” ಎಂದರೆ ಅಲ್ಲಿಲ್ಲದ ಆರ್ಟಿಕಲ್ ಹುಟ್ಟುತ್ತದೆ. ‘ಲ’, ‘ದ’ ಎರಡನ್ನೂ ಚಿಕ್ಕದಾಗಿ ಮುಗಿಸಿ. ‘ದ್ಯು’ ಉಚ್ಚರಿಸಲು ಬಾಯೊಳಗೆ ‘ಇ’ ಹೇಳುತ್ತಲೇ ತುಟಿಯನ್ನು ಶಿಳ್ಳೆ ಹೊಡೆಯುವಂತೆ ಗುಂಡಗೆ ಮಾಡಿ. ಅಪ್ಪಟ ಕನ್ನಡದ ‘ದು’ ಎಂದರೆ ಮೃದು ಎಂಬರ್ಥದ ಬೇರೆ ಪದವೇ ಆಗುತ್ತದೆ.

ಒಂದು ಮಾದರಿ, ಎದುರಿಗಿಟ್ಟುಕೊಂಡು

ತಿದ್ದದೆ ಇರುವ ಬಿ1 ಹಾಳೆಯ ಐದು ಸಾಲು ಹೀಗಿರುತ್ತವೆ ಎಂದುಕೊಳ್ಳಿ: “ಪಸ್ಯಾಂಸ್ ಎತ್ ಆ್ಯಂಪೊರ್ತಾಂತ್. ಮಾ ಪ್ರೊಫೆಸರ್ ಆ ಪಸ್ಯಾಂಸ್ ಆ್ಯಂಫಿನಿ. ಜೇ ಬಜ್ವ್ಯಾಂ ದ ಲಾ ಕೊಂಫ್ಯಾಂಸ್. ಜ ನೇ ಪಾ ದ ಪರ್. ಜ ತ್ರವಾಯ್ ಅವೆಕ್ ಲ ಪ್ಲೇಜೀರ್ ಎ ಜೇ ಫೇ ಬೋಕು ದ್ಯು ಪ್ರೊಗ್ರೇ.”

ಮೊದಲ ವಾಕ್ಯದ ಭಾವನಾಮದ ಎಡಕ್ಕೆ ಏನೂ ಇಲ್ಲ, ಬಲಕ್ಕೂ ಇಲ್ಲ. ‘ತಾಳ್ಮೆ ಅನ್ನೋದು ಮುಖ್ಯ’ ಕೂರುತ್ತದೆ, ‘ಲಾ’ ಸೇರಿಸಿ. ಎರಡನೆಯದರಲ್ಲಿ ಬಲಕ್ಕೆ ‘ಆ್ಯಂಫಿನಿ’ ಇದೆ, ಎಂಥ ತಾಳ್ಮೆ ಎಂಬುದಕ್ಕೆ ಉತ್ತರ, ‘ಯೂನ್’ ಬೇಕು. ಮೂರನೆಯದರಲ್ಲಿ ಎಡಕ್ಕೆ ‘ದ’ ಕೇಳುವ ಕ್ರಿಯೆ, ಬೇಕಾದದ್ದು ಒಂದಿಷ್ಟು ವಿಶ್ವಾಸ ಮಾತ್ರ. ಪಾರ್ಟಿಟಿವ್ ಮಾಯವಾಗಿ “ದ ಕೊಂಫ್ಯಾಂಸ್” ಉಳಿಯಬೇಕು. ನಾಲ್ಕನೆಯದು ‘ಭಯವಾಗುವುದಿಲ್ಲ’, ಬೆಸೆದ ನುಡಿಗಟ್ಟು. ನಿಷೇಧದ ‘ದ’ ತೆಗೆದುಹಾಕಿ, “ಜ ನೇ ಪಾ ಪರ್”. ಐದನೆಯದರಲ್ಲಿ ಎರಡು ದೋಷ: ಸಂತೋಷದಿಂದ ಎಂಬ ರೀತಿಗೆ ಆರ್ಟಿಕಲ್ ಬೇಡ, ‘ಬೋಕು’ ನಂತರ ‘ದ್ಯು’ ಬೇಡ.

ತಿದ್ದಿದ ಮೇಲೆ: “ಲಾ ಪಸ್ಯಾಂಸ್ ಎತ್ ಆ್ಯಂಪೊರ್ತಾಂತ್. ಮಾ ಪ್ರೊಫೆಸರ್ ಆ ಯೂನ್ ಪಸ್ಯಾಂಸ್ ಆ್ಯಂಫಿನಿ. ಜೇ ಬಜ್ವ್ಯಾಂ ದ ಕೊಂಫ್ಯಾಂಸ್. ಜ ನೇ ಪಾ ಪರ್. ಜ ತ್ರವಾಯ್ ಅವೆಕ್ ಪ್ಲೇಜೀರ್ ಎ ಜೇ ಫೇ ಬೋಕು ದ ಪ್ರೊಗ್ರೇ.”

ಪರೀಕ್ಷೆಯಲ್ಲಿ ಬರೆದು ಮುಗಿಸಿದ ಮೇಲೆ ಐದು ನಿಮಿಷ ಉಳಿಸಿಕೊಳ್ಳಿ. ಪೂರ್ತಿ ಓದಲು ಹೋಗದೆ ಭಾವನಾಮಗಳ ಕೆಳಗೆ ಮಾತ್ರ ಪೆನ್ಸಿಲಿನಲ್ಲಿ ಸಣ್ಣ ಚುಕ್ಕಿ ಇಡಿ, ಒಂದೊಂದರ ಎಡಕ್ಕೆ, ಆಮೇಲೆ ಬಲಕ್ಕೆ ನೋಡುತ್ತ ಬನ್ನಿ. ಬರಿದಾಗಿ ನಿಂತದ್ದು ಕಂಡರೆ ಅದಕ್ಕೆ ಕಾರಣ ಕೇಳಿ: ‘ಆಗು’ ಇದೆಯೇ, ‘-ಇಂದ’ ಇದೆಯೇ, ‘ಇಲ್ಲದೆ’ ಇದೆಯೇ, ಎಡಕ್ಕೆ ‘ದ’, ‘ಆಂ’ ಅಥವಾ ಬೆಸೆದ ಕ್ರಿಯಾಪದ ಇದೆಯೇ? ಇವ್ಯಾವುದೂ ಸಿಗದಿದ್ದರೆ ಅಲ್ಲೊಂದು ಆರ್ಟಿಕಲ್ ಬಿಟ್ಟುಹೋಗಿದೆ.